ಅಮ್ಮನ ಮಂಚದ ಪಕ್ಕ ಸೀಲಿಂಗ್ ಗಾರೆ ಬಿತ್ತು, ಮೂವರು ಮೂರು ಥರ ಹೇಳುತ್ತಿದ್ದಾರೆ, ಮೊದಲು ಏನು ಮಾಡಲಿ?

ಮೈಸೂರು_ಮನೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮನೆ ಇದೆ. ಅಪ್ಪ 1999ರಲ್ಲಿ ಕಟ್ಟಿಸಿದ್ದು. 30-40 ಸೈಟು. ಕೆಳಗಿನ ಮನೆ ಬಾಡಿಗೆಗೆ ಕೊಟ್ಟಿದ್ದೇವೆ, ಮೇಲಿನ ಮನೆಯಲ್ಲಿ ಅಮ್ಮ ಒಬ್ಬರೇ ಇದ್ದಾರೆ. ನಾನು ಕೆಲಸದ ಮೇಲೆ ಪುಣೆಯಲ್ಲಿದ್ದೇನೆ, ಎರಡು ತಿಂಗಳಿಗೊಮ್ಮೆ ಬಂದು ಹೋಗುತ್ತೇನೆ.

ಹೋದ ಗುರುವಾರ ರಾತ್ರಿ ಅಮ್ಮ ಮಲಗುವ ಕೋಣೆಯ ಸೀಲಿಂಗಿನಿಂದ ಊಟದ ತಟ್ಟೆಯಷ್ಟು ಅಗಲದ ಗಾರೆ ಚಕ್ಕೆ ಕಳಚಿ ಬಿತ್ತು. ಮಂಚಕ್ಕೆ ಒಂದೇ ಅಡಿ ದೂರ. ಅಮ್ಮನಿಗೆ ಏನೂ ಆಗಲಿಲ್ಲ, ಆದರೆ ಫೋನಿನಲ್ಲಿ ಅವರ ದನಿ ಕೇಳಿ ನಾನು ಬೆಳಿಗ್ಗೆಯೇ ಬಸ್ ಹತ್ತಿದೆ. ಬಿದ್ದ ಜಾಗದಲ್ಲಿ ಎರಡು ಕಂಬಿ ಕಾಣುತ್ತಿವೆ. ಎರಡಕ್ಕೂ ತುಕ್ಕು ಹಿಡಿದು ಪದರ ಪದರವಾಗಿ ಏಳುತ್ತಿದೆ.

ಕಲೆ ಹೊಸದಲ್ಲ. ಮೂರು ವರ್ಷದಿಂದ ಅಲ್ಲಿ ಕಂದು ಬಣ್ಣದ ಗುರುತು ಇತ್ತು. ಎರಡು ಸಲ ಪುಟ್ಟಿ ಹಚ್ಚಿಸಿ ಬಣ್ಣ ಹೊಡೆಸಿದ್ದೆ. ಮಳೆಗಾಲದ ಸಮಸ್ಯೆ ಅಂತಲೇ ಅಂದುಕೊಂಡಿದ್ದೆ, ಆದರೆ ಈಗ ಅಮ್ಮ ಹೇಳುತ್ತಿದ್ದಾರೆ, ಸಂಕ್ರಾಂತಿ ಹೊತ್ತಿಗೆ ಧೂಳು ಹೊಡೆಯುವಾಗಲೂ ಅಲ್ಲಿ ಒದ್ದೆ ಒದ್ದೆ ಇತ್ತಂತೆ.

ಮೂವರನ್ನು ಕರೆಸಿದೆ. ಮೊದಲನೆಯವರು ತಾರಸಿಗೆ ಬಿಳಿ ವಾಟರ್‌ಪ್ರೂಫ್ ಕೋಟಿಂಗ್ ಮೂರು ಸಲ ಹೊಡೆದರೆ ಸಾಕು, 38,000 ರೂಪಾಯಿ ಅಂದರು. ಎರಡನೆಯವರು ಕೋಣೆಯ ಒಳಗಿಂದ ಮೋಲ್ಡಿಗೆ (ಕಾಂಕ್ರೀಟ್ ಛಾವಣಿಗೆ) ತೂತು ಕೊರೆದು ಕೆಮಿಕಲ್ ತುಂಬಬೇಕು ಅಂದರು. ಮೂರನೆಯವರು ತಾರಸಿ ಮೇಲಿನ ಹಳೆ ಸುರ್ಕಿ (ನೀರು ಇಳಿಯದ ಹಾಗೆ ಹಾಕಿದ ಗಾರೆ ಪದರ) ಪೂರ್ತಿ ಒಡೆದು ಹೊಸದು ಹಾಕಬೇಕು, 1,60,000 ಆಗುತ್ತದೆ ಅಂದರು. ಮೂವರಲ್ಲಿ ಒಬ್ಬರೂ ತಾರಸಿಯ ಮೇಲೆ ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲಿಲ್ಲ.

ತಾರಸಿಯಲ್ಲಿ ಏನೇನಿದೆ ಅಂದರೆ, ಮೆಟ್ಟಿಲು ಕೋಣೆಯ ಮೇಲೆ ನೀರಿನ ಟ್ಯಾಂಕ್, ಪೂರ್ವದ ಕಡೆ ಸೋಲಾರ್ ಹೀಟರ್ (ಗಾಜಿನ ಕೊಳವೆಯದ್ದು), ಪ್ಯಾರಪೆಟ್ ಪಕ್ಕದಲ್ಲಿ ಅಮ್ಮನ ಹೂಕುಂಡಗಳು. ಸೋಲಾರ್ ಸ್ಟ್ಯಾಂಡು ಹೆಚ್ಚುಕಡಿಮೆ ಅದೇ ಕೋಣೆಯ ಮೇಲೆ ಬರುತ್ತದೆ. ಇನ್ನೊಂದು ವಿಷಯ, ಅದೇ ಕೋಣೆಯ ಕಿಟಕಿ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇದೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ಇಲ್ಲವೋ ಗೊತ್ತಿಲ್ಲ. ರಜೆ ಇನ್ನು ಎಂಟು ದಿನ ಇದೆ. ದುಡ್ಡು ಖರ್ಚು ಮಾಡಲು ಸಿದ್ಧ ಇದ್ದೇನೆ, ಆದರೆ ಮತ್ತೆ ತಪ್ಪು ಕಡೆ ಖರ್ಚು ಮಾಡುವುದು ಬೇಡ. ದಯವಿಟ್ಟು ತಿಳಿದವರು ಹೇಳಿ.

ಸೈಟ್ ಇಂಜಿನಿಯರ್ (ನಿವೃತ್ತ), ದಾವಣಗೆರೆ:

ಮೊದಲು ತಾಯಿಯವರ ಮಂಚ ಇವತ್ತೇ ಬೇರೆ ಕೋಣೆಗೆ ಹಾಕಿ. ಉಳಿದಿದ್ದೆಲ್ಲ ಆಮೇಲೆ. ಒಂದು ಕಡೆ ಬಿದ್ದಿದೆ ಅಂದರೆ ಸುತ್ತಮುತ್ತ ಇನ್ನೂ ಬಿಟ್ಟುಕೊಂಡಿರುತ್ತದೆ. ತಲೆಗೆ ಹೆಲ್ಮೆಟ್ ಹಾಕಿಕೊಂಡು, ನೇರ ಕೆಳಗೆ ನಿಲ್ಲದೆ ಪಕ್ಕಕ್ಕೆ ನಿಂತು, ಉದ್ದ ಕೋಲಿನ ತುದಿಯಿಂದ ಸೀಲಿಂಗ್ ತಟ್ಟುತ್ತಾ ಹೋಗಿ. ಗಟ್ಟಿ ಇರುವ ಕಡೆ ಕಲ್ಲಿಗೆ ತಟ್ಟಿದ ಹಾಗೆ ಸದ್ದು ಬರುತ್ತದೆ, ಬಿಟ್ಟುಕೊಂಡ ಕಡೆ ಖಾಲಿ ಡಬ್ಬ ತಟ್ಟಿದ ಹಾಗೆ. ಡಬ್ಬದ ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಆ ಗುರುತು ನೋಡಿದರೆ ಎಷ್ಟು ಜಾಗ ಹಾಳಾಗಿದೆ ಅಂತ ನಿಮಗೇ ಗೊತ್ತಾಗುತ್ತದೆ, ಕಂಟ್ರಾಕ್ಟರ್ ಹೇಳಿದ್ದನ್ನು ನಂಬಿ ಕೂರಬೇಕಾಗಿಲ್ಲ.

ಯಾಕೆ ಬಿತ್ತು ಅಂತ ತಿಳಿದುಕೊಳ್ಳುವುದು ಮುಖ್ಯ. ಒಳ್ಳೆಯ ಕಾಂಕ್ರೀಟಿನಲ್ಲಿ ಕ್ಷಾರ ಜಾಸ್ತಿ, ಪಿಎಚ್ 12ರ ಮೇಲೆ ಇರುತ್ತದೆ. ಅದು ಇರುವ ತನಕ ಒಳಗಿನ ಕಂಬಿಗೆ ತುಕ್ಕು ಹಿಡಿಯುವುದಿಲ್ಲ. ವರ್ಷಗಳು ಕಳೆದ ಹಾಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಒಳಗೆ ಹೋಗಿ ಆ ಕ್ಷಾರ ಇಳಿಯುತ್ತದೆ. ಅದರ ಜೊತೆ ನೀರೂ ಸೇರಿದರೆ ತುಕ್ಕು ಶುರು. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುತ್ತದೆ, ಹಾಗಾಗಿ ಊದಿಕೊಂಡ ಕಂಬಿ ಕೆಳಗಿನ ಗಾರೆಯನ್ನು ತಳ್ಳಿ ಬೀಳಿಸುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ಮೋಲ್ಡಿನ ಕಂಬಿಯ ಕೆಳಗೆ ಸಾಮಾನ್ಯವಾಗಿ 20 ಮಿ.ಮೀ. ಕಾಂಕ್ರೀಟ್ ಇರಬೇಕು. ಆ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಕವರ್ ಬ್ಲಾಕ್ (ಕಂಬಿಯನ್ನು ಎತ್ತಿ ಹಿಡಿಯುವ ಸಣ್ಣ ಬಿಲ್ಲೆ) ಬದಲು ಜಲ್ಲಿ ಚೂರು ಇಟ್ಟು ಮೋಲ್ಡ್ ಹಾಕಿದ್ದನ್ನು ನಾನೇ ನೋಡಿದ್ದೇನೆ. ಕಾಂಕ್ರೀಟ್ ಸುರಿಯುವಾಗ ಮೇಲೆ ಓಡಾಡಿದರೆ ಜಲ್ಲಿ ಜಾರುತ್ತದೆ, ಕಂಬಿ ಕೆಳಗಿನ ಸೆಂಟ್ರಿಂಗ್ ಶೀಟಿಗೇ ಅಂಟಿಕೊಂಡು ಕೂರುತ್ತದೆ. ಪುಟ್ಟಿ ಬಣ್ಣ ಹೊಡೆಸಿದ್ದರಿಂದ ಕಲೆ ಮುಚ್ಚಿತು, ಒಳಗೆ ಕಂಬಿ ತಿನ್ನುವುದು ನಡೆದೇ ಇತ್ತು.

ಈಗ ನೀರಿನ ವಿಷಯ. ನಿಮ್ಮ ಬರಹದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ಮಾತು ನಿಮ್ಮ ಅಮ್ಮ ಹೇಳಿದ್ದು. ಸಂಕ್ರಾಂತಿಗೆ ಮೈಸೂರಿನಲ್ಲಿ ಮಳೆ ಎಲ್ಲಿ? ಆಗಲೂ ಒದ್ದೆ ಇತ್ತು ಅಂದರೆ ನೀರು ಆಕಾಶದಿಂದ ಬರುತ್ತಿಲ್ಲ, ಪೈಪಿನಿಂದ ಬರುತ್ತಿದೆ. ಮಳೆ ನೀರೂ ಸೇರಿರಬಹುದು, ಆದರೆ ಅದೊಂದೇ ಅಲ್ಲ. ಸೋಲಾರಿನಿಂದ ಬಾತ್‌ರೂಮಿಗೆ ಇಳಿಯುವ ಬಿಸಿನೀರಿನ ಪೈಪ್ ನಿಮ್ಮಲ್ಲಿ ಸುರ್ಕಿಯ ಒಳಗೆ ಹೂತಿದೆಯಾ ನೋಡಿ. ಬಿಸಿ-ತಣ್ಣಗೆ ಆಗಿ ಆಗಿ ಆ ಪೈಪು ದಿನಾ ಹಿಗ್ಗಿ ಕುಗ್ಗುತ್ತದೆ, ಜಾಯಿಂಟ್ ಸಡಿಲ ಆಗುವುದು ಅಲ್ಲೇ.

ಪರೀಕ್ಷೆ ಸುಲಭ. ಹಸಿ ಇರುವ ಜಾಗದ ಅಂಚಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಸೋಲಾರಿನ ಬಿಸಿನೀರು ಹೊರಬರುವ ವಾಲ್ವ್ ಮುಚ್ಚಿ. ತಣ್ಣೀರು ಒಳಹೋಗುವ ವಾಲ್ವ್ ಮಾತ್ರ ಮುಚ್ಚಬೇಡಿ, ಕೊಳವೆ ಒಣಗಿ ಕಾದಮೇಲೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ನಾಲ್ಕೈದು ದಿನ ಹಾಗೇ ಬಿಡಿ. ಇನ್ನೊಂದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮೊದಲು ನೋಡಿ. ಬಾಡಿಗೆಯವರಿಗೂ ಅದೇ ಟ್ಯಾಂಕ್ ಆದರೆ ಅವರ ಲೈನಿನ ಗೇಟ್‌ವಾಲ್ವ್ ಮುಚ್ಚಬೇಕು, ಅವರಿಗೆ ಮೊದಲೇ ಹೇಳಿ ಒಂದು ಬಕೆಟ್ ನೀರು ತುಂಬಿಸಿಡಲು ಹೇಳಿ. ಫ್ಲಶ್ ಟ್ಯಾಂಕಿನ ವಾಲ್ವ್ ಸಹ ಮುಚ್ಚಿ, ಅದು ಸೋರಿದರೂ ಲೆಕ್ಕ ತಪ್ಪುತ್ತದೆ.

ಇದಾದ ಮೇಲೆ ತಾರಸಿಯಲ್ಲಿ ನೀರು ನಿಲ್ಲಿಸಿ ನೋಡಿ. ಮಳೆ ನೀರಿನ ಪೈಪಿನ ಬಾಯಿ ಮುಚ್ಚಿ ಎರಡು ಇಂಚು ನೀರು 24 ಗಂಟೆ.

ಕಡಲತೀರದ_ಮನೆ:

ತಮ್ಮಾ, ನಿಮ್ಮ ಅಮ್ಮನಿಗೆ ಏನೂ ಆಗಲಿಲ್ಲವಲ್ಲ, ಅದೇ ದೊಡ್ಡದು. ನಮ್ಮದು ಉಡುಪಿ ಹತ್ತಿರ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರು, ಮೈಸೂರಿನ ನಾಲ್ಕು ಪಟ್ಟು. ನಾನೂ ನಿಮ್ಮ ಹಾಗೆ ಎರಡು ಸಲ ತಾರಸಿಗೆ ಕೋಟಿಂಗ್ ಹೊಡೆಸಿ ದುಡ್ಡು ಕಳೆದುಕೊಂಡವಳು. ಮೊದಲ ಮಳೆಗಾಲಕ್ಕೆ ಸರಿ ಇರುತ್ತಿತ್ತು, ಎರಡನೆಯದಕ್ಕೆ ಅದೇ ಕಲೆ ಅದೇ ಜಾಗದಲ್ಲಿ. ಕೊನೆಗೆ ನೋಡಿದರೆ ನೀರು ತಾರಸಿಯ ನೆಲದಿಂದ ಇಳಿಯುತ್ತಲೇ ಇರಲಿಲ್ಲ. ಪ್ಯಾರಪೆಟ್ ಗೋಡೆಯ ತಲೆ ಬಿರಿದಿತ್ತು. ಮಳೆ ನೀರು ಗೋಡೆಯ ಹೊಟ್ಟೆಯೊಳಗೆ ಇಳಿದು ಕೋಟಿಂಗಿನ ಕೆಳಗಿನಿಂದ ಕೋಣೆಗೆ ಬರುತ್ತಿತ್ತು.

ಅದನ್ನು ಕಂಡುಹಿಡಿದದ್ದು ತೋಟದ ಹೋಸ್ ಪೈಪಿನಿಂದ. ನಮ್ಮ ಮೇಸ್ತ್ರಿ ಹೇಳಿಕೊಟ್ಟ ಉಪಾಯ ಇದು, ಯಾವಾಗಲೂ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ತಾರಸಿಯ ನೆಲಕ್ಕೆ ಮಾತ್ರ ಒಂದು ಗಂಟೆ ನೀರು ಬಿಡುವುದು, ಒಳಗೆ ಒಬ್ಬರು ನಿಂತು ನೋಡುವುದು. ಬರಲಿಲ್ಲವಾ, ಆಮೇಲೆ ನೆಲ ಮತ್ತು ಗೋಡೆ ಕೂಡುವ ಮೂಲೆಗೆ. ಆಮೇಲೆ ಗೋಡೆಯ ಮುಖಕ್ಕೆ. ಕೊನೆಗೆ ಗೋಡೆಯ ತಲೆಗೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಕಡೆಗೂ ಹರಿದು ಯಾವ ಜಾಗದ್ದು ಅಂತ ಗೊತ್ತಾಗುವುದೇ ಇಲ್ಲ. ನಮ್ಮಲ್ಲಿ ತಲೆಗೆ ನೀರು ಬಿಟ್ಟು ನಲವತ್ತು ನಿಮಿಷಕ್ಕೆ ಒಳಗೆ ಹನಿ ಕಾಣಿಸಿತು.

ಸೋಲಾರ್ ಸ್ಟ್ಯಾಂಡಿನ ಕಾಲುಗಳನ್ನೂ ನೋಡಿ. ತಾರಸಿಗೆ ತೂತು ಕೊರೆದು ಬೋಲ್ಟ್ ಹಾಕಿ ನಿಲ್ಲಿಸಿದ್ದರೆ ಪ್ರತಿ ಬೋಲ್ಟೂ ಒಂದು ದಾರಿ. ಹೂಕುಂಡಗಳನ್ನು ನೆಲದ ಮೇಲೆ ನೇರ ಇಡಬೇಡಿ, ಕುಂಡದ ಅಡಿ ಯಾವತ್ತೂ ಒಣಗುವುದಿಲ್ಲ, ಬೇರು ಬಿರುಕಿನೊಳಗೆ ಹೋಗುತ್ತದೆ. ಎರಡು ಇಟ್ಟಿಗೆ ಮೇಲೆ ಇಟ್ಟರೆ ಅಡಿಯಲ್ಲಿ ಗಾಳಿ ಆಡುತ್ತದೆ, ಗುಡಿಸಲೂ ಸುಲಭ. ಅಮ್ಮನಿಗೆ ಗಿಡ ತೆಗೆಯಿರಿ ಅಂತ ಮಾತ್ರ ಹೇಳಬೇಡಿ, ಒಬ್ಬರೇ ಇರುವವರಿಗೆ ಅದು ಜೊತೆ.

ನಮ್ಮ ಕಡೆ ಈಗ ಎಲ್ಲರೂ ತಾರಸಿ ಮೇಲೆ ಶೀಟ್ ಹಾಕಿಸುತ್ತಾರೆ, ನಾವೂ ಹಾಕಿಸಿದೆವು. ಮಳೆಗೆ ಒಳ್ಳೆಯದು. ಆದರೆ ಸೋರುವುದು ಪೈಪು ಆಗಿದ್ದರೆ ಶೀಟ್ ಹಾಕಿ ಏನು ಪ್ರಯೋಜನ, ಅಲ್ವಾ? ಹಿಂದೆ ಹೆಂಚಿನ ಮನೆಯಲ್ಲಿದ್ದಾಗ ಮಳೆಗಾಲಕ್ಕೆ ಮೊದಲು ಅಪ್ಪ ಮಾಡು ಹತ್ತಿ ಒಂದೊಂದೇ ಹೆಂಚು ಮುಟ್ಟಿ ನೋಡಿ, ಒಡೆದದ್ದನ್ನು ಬದಲಿಸಿ, ಪಕಾಸಿಯ (ಹೆಂಚು ಹೊರುವ ಮರದ ಪಟ್ಟಿ) ಕೆಳಗೆ ಗೆದ್ದಲು ಇದೆಯಾ ಅಂತ ನೋಡಿ ಇಳಿಯುತ್ತಿದ್ದರು. ತಾರಸಿ ಬಂದ ಮೇಲೆ ಮೇಲೆ ಹತ್ತಿ ನೋಡುವ ಆ ರೂಢಿಯೇ ಹೋಯಿತು. ಮೇ ತಿಂಗಳಲ್ಲಿ ಒಂದು ದಿನ, ನೀರು ಹೋಗುವ ಕಿಂಡಿಯ ಎಲೆ ಕಸ ತೆಗೆಯುವುದಕ್ಕಾದರೂ ಹತ್ತಿ.

ವೈರ್‌ಮನ್, ಹಾಸನ:

ಯಾರೂ ಕರೆಂಟಿನ ವಿಷಯ ಹೇಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮೋಲ್ಡಿನ ಒಳಗೆ ಫ್ಯಾನಿಗೆ, ಲೈಟಿಗೆ ಹೋಗುವ ಪೈಪುಗಳಿವೆ. ನೀರು ಮೋಲ್ಡಿಗೆ ಇಳಿದರೆ ಸುಲಭದ ದಾರಿ ಅದೇ ಪೈಪು. ನಿಮ್ಮ ಕೋಣೆಯಲ್ಲಿ ಫ್ಯಾನಿನ ಕಪ್ ಒಳಗೆ ನೀರಿನ ಗುರುತು ಇದೆಯಾ, ಸ್ವಿಚ್ ಬೋರ್ಡ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದಾ ಅಂತ ಅಮ್ಮನನ್ನು ಕೇಳಿ. ನೀವೇ ಬರಿಗೈಯಲ್ಲಿ ಮುಟ್ಟಿ ನೋಡಬೇಡಿ. ಆ ಕೋಣೆಯ ಎಂಸಿಬಿ (ಬೋರ್ಡಿನ ಟ್ರಿಪ್ ಸ್ವಿಚ್) ಇಳಿಸಿ, ಕೆಲಸ ಮುಗಿಯುವ ತನಕ ಏರಿಸಬೇಡಿ. ಗಾರೆ ಒಡೆಯಲು ಬರುವ ಹುಡುಗರಿಗೂ ಹೇಳಿ, ಡ್ರಿಲ್ ಮಿಷಿನ್ನಿಗೆ ಪಕ್ಕದ ಕೋಣೆಯಿಂದ ಲೈನ್ ಕೊಡಿ.

1999ರ ಮನೆ ಅಂದರೆ ಮೇನ್ ಬೋರ್ಡಿನಲ್ಲಿ ಆರ್‌ಸಿಸಿಬಿ ಇರುವುದು ಅನುಮಾನ. ಎಂಸಿಬಿ ಬೇರೆ, ಇದು ಬೇರೆ. ಎಂಸಿಬಿ ವೈರ್ ಸುಡದ ಹಾಗೆ ಕಾಯುತ್ತದೆ, ಮನುಷ್ಯನಿಗೆ ಶಾಕ್ ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕರೆಂಟು ದಾರಿ ತಪ್ಪಿ ಭೂಮಿಗೆ ಹೋಗುತ್ತಿದ್ದರೆ ಕ್ಷಣದಲ್ಲಿ ಲೈನ್ ಕಡಿಯುತ್ತದೆ. ಹಾಕಿಸಿದ ಮೇಲೆ ಅದರ ಮೇಲಿನ ಟೆಸ್ಟ್ ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತಿ ನೋಡಬೇಕು, ಒತ್ತಿದಾಗ ಬೀಳದಿದ್ದರೆ ಅದು ಇದ್ದೂ ಇಲ್ಲದ ಹಾಗೆ. ಜೊತೆಗೆ ಅರ್ಥಿಂಗ್ ಗುಂಡಿ (ಅರ್ಥ್ ವೈರ್ ಇಳಿಸಿದ ನೆಲದ ಹಳ್ಳ) ಎಲ್ಲಿದೆ ಅಂತ ಹುಡುಕಿ. ಎಷ್ಟೋ ಮನೆಗಳಲ್ಲಿ ಅಂಗಳಕ್ಕೆ ಟೈಲ್ಸ್ ಹಾಕಿಸುವಾಗ ಅದನ್ನೇ ಮುಚ್ಚಿಬಿಟ್ಟಿರುತ್ತಾರೆ, ವೈರ್ ತುಂಡಾಗಿದ್ದರೂ ಯಾರಿಗೂ ತಿಳಿದಿರುವುದಿಲ್ಲ. ಹಳೆಯ ಮನೆಯಲ್ಲಿ ಆರ್‌ಸಿಸಿಬಿ ಹಾಕಿದ ದಿನವೇ ಪದೇ ಪದೇ ಬಿದ್ದರೆ ಅದನ್ನು ಕಿತ್ತು ಹಾಕಿಸಬೇಡಿ. ಎಲ್ಲೋ ಕರೆಂಟು ಸೋರುತ್ತಿದೆ ಅಂತ ಅದು ಹೇಳುತ್ತಿದೆ.

ಮನೆ_ತಪಾಸಣೆ, ಬೆಂಗಳೂರು:

ನಾನು ಮನೆ ಕೊಳ್ಳುವವರ ಪರವಾಗಿ ಹಳೆಯ ಮನೆಗಳನ್ನು ತಪಾಸಣೆ ಮಾಡುತ್ತೇನೆ. ದಾವಣಗೆರೆ ಸರ್ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ಎರಡು ಇಂಚು ನೀರು ನಿಲ್ಲಿಸುವುದೊಂದನ್ನು ಬಿಟ್ಟು. ಎರಡು ಇಂಚು ನೀರು ಅಂದರೆ ಒಂದು ಚದರ ಮೀಟರಿಗೆ 50 ಕೆಜಿ ತೂಕ. ಸರಿ ಇರುವ ಮೋಲ್ಡಿಗೆ ಅದು ಲೆಕ್ಕವೇ ಅಲ್ಲ. ಆದರೆ ಕಂಬಿ ಎಷ್ಟು ತಿಂದುಹೋಗಿದೆ ಅಂತ ನೋಡದೆ, ಇಡೀ ತಾರಸಿಗೆ ನೀರು ತುಂಬಿ ಕೆಳಗಿನ ಕೋಣೆಯಲ್ಲಿ ಜನ ಓಡಾಡುವುದು ಬೇಡ. ಅನುಮಾನ ಇರುವ ಜಾಗದಲ್ಲಿ ಮಾತ್ರ ಮಣ್ಣಿನಿಂದಲೋ ಸಿಮೆಂಟಿನಿಂದಲೋ ಸಣ್ಣ ಕಟ್ಟೆ ಕಟ್ಟಿ, ಒಂದೇ ಇಂಚು ನೀರು ನಿಲ್ಲಿಸಿ. ಕೋಣೆ ಖಾಲಿ ಇರಲಿ. ಅದಕ್ಕೂ ಮೊದಲು ಉಡುಪಿ ಅಕ್ಕ ಹೇಳಿದ ಹೋಸ್ ಪೈಪಿನ ಪರೀಕ್ಷೆ ಮಾಡಿ, ಅದರಲ್ಲೇ ಉತ್ತರ ಸಿಕ್ಕರೆ ಕಟ್ಟೆ ಕಟ್ಟುವ ಕೆಲಸವೇ ಇಲ್ಲ.

ನನ್ನ ಹಾಗೆ ತಪಾಸಣೆ ಮಾಡುವವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. ಥರ್ಮಲ್ ಕ್ಯಾಮೆರಾ ತೋರಿಸಿ ಇಲ್ಲಿ ನೀರು ಇದೆ ಅಂತ ಬರೆದುಕೊಡಬೇಡಿ. ಕ್ಯಾಮೆರಾ ನೋಡುವುದು ಬಿಸಿ-ತಂಪಿನ ವ್ಯತ್ಯಾಸವನ್ನು, ನೀರನ್ನಲ್ಲ. ಎಸಿ ಗಾಳಿ ತಗಲುವ ಜಾಗವೂ ಅದರಲ್ಲಿ ನೀಲಿಯಾಗಿಯೇ ಕಾಣುತ್ತದೆ. ಎರಡು ಸೂಜಿಯ ತೇವ ಮೀಟರು ಮೊದಲು ಮರಕ್ಕಾಗಿ ಮಾಡಿದ್ದು. ಗಾರೆಯಲ್ಲಿ ಉಪ್ಪು ಕಟ್ಟಿದ್ದರೆ ಒಣ ಗೋಡೆಗೂ ಜಾಸ್ತಿ ತೋರಿಸುತ್ತದೆ. ಹಾಗಾಗಿ ಅದರ ಅಂಕಿಯನ್ನು ನಂಬುವ ಬದಲು, ಅದೇ ಕೋಣೆಯ ಒಣ ಜಾಗಕ್ಕೂ ಹಸಿ ಜಾಗಕ್ಕೂ ಎಷ್ಟು ಅಂತರ ಅಂತ ನೋಡಿ. ರಿಪೋರ್ಟಿನಲ್ಲಿ ಕಂಡದ್ದನ್ನು ಒಂದು ಕಡೆ, ಊಹೆಯನ್ನು ಇನ್ನೊಂದು ಕಡೆ ಬರೆಯಿರಿ. ಆ ರಿಪೋರ್ಟ್ ನಂಬಿ ಒಬ್ಬರು ಜೀವಮಾನದ ಉಳಿತಾಯ ಹಾಕುತ್ತಾರೆ.

ಮೈಸೂರಿನವರಿಗೆ ಮೀಟರ್ ಬೇಕಾಗಿಯೂ ಇಲ್ಲ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಹಸಿ ಜಾಗದ ಅಂಚಿಗೆ, ಗಾರೆ ಗಟ್ಟಿ ಇರುವ ಕಡೆ, ನಾಲ್ಕೂ ಬದಿ ಟೇಪ್ ಹಾಕಿ ಗಾಳಿ ಆಡದ ಹಾಗೆ ಅಂಟಿಸಿ. ಎರಡು ದಿನದ ನಂತರ ಹಾಳೆಯ ಒಳಮೈಯಲ್ಲಿ, ಅಂದರೆ ಸೀಲಿಂಗ್ ಕಡೆ, ಹನಿ ಕಟ್ಟಿದ್ದರೆ ತೇವ ಮೋಲ್ಡಿನ ಒಳಗಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಸಾಕು.

ಒಳಗಿಂದ ತೂತು ಕೊರೆದು ಕೆಮಿಕಲ್ ತುಂಬುವುದು ಕೆಲವು ಕಡೆ ಬೇಕಾಗುತ್ತದೆ, ನಾನು ಅದನ್ನು ಪೂರ್ತಿ ಬೇಡ ಅನ್ನುವುದಿಲ್ಲ. ಆದರೆ ನೀರಿನ ಮೂಲ ಸಿಗದೆ ಮಾಡಿಸಿದರೆ ನೀರು ಅಲ್ಲಿ ನಿಂತು ಪಕ್ಕದಲ್ಲಿ ಇಳಿಯುತ್ತದೆ. ತುಕ್ಕು ಹಿಡಿದ ಕಂಬಿಗಂತೂ ಅದರಿಂದ ಏನೂ ಆಗುವುದಿಲ್ಲ.

ಹುಬ್ಬಳ್ಳಿಯವ:

ನಿಮ್ಮ ಕಿಟಕಿ ಬಿರುಕಿನ ಬಗ್ಗೆ ಎರಡು ಮಾತು. ನಮ್ಮ ಕಡೆ ಎರೆ ಮಣ್ಣು, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ, ಮನೆ ಅದರ ಜೊತೆ ಏಳುತ್ತದೆ ಇಳಿಯುತ್ತದೆ. ಅದಕ್ಕೇ ಇಲ್ಲಿ ಕಿಟಕಿ ಮೂಲೆಯ ಓರೆ ಬಿರುಕು ಕಂಡರೆ ಪಾಯದ ಕಡೆ ನೋಡುತ್ತೇವೆ. ಮೈಸೂರಿನಲ್ಲಿ ಜಾಸ್ತಿ ಕೆಂಪು ಮಣ್ಣು, ಸುಮ್ನೆ ಗಾಬರಿ ಆಗಬೇಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ ತಾರೀಖು ಬರೆಯಿರಿ. ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಅದರ ಅಂಚು ಒಳಗೆ ಹೋಗುವುದಿಲ್ಲ ಅಂದರೆ ಸಣ್ಣ ಬಿರುಕು, ಒಂದು ಮಳೆಗಾಲ ಒಂದು ಬೇಸಿಗೆ ಕಾದು ನೋಡಬಹುದು. ಕಾರ್ಡ್ ಸಲೀಸಾಗಿ ಹೋದರೆ, ಇಲ್ಲವೇ ಗುರುತು ದಾಟಿ ಬಿರುಕು ಬೆಳೆದರೆ, ಬಾಗಿಲು ಕಿಟಕಿ ಹಿಡಿಯಲು ಶುರುವಾದರೆ ಇಂಜಿನಿಯರಿಗೆ ತೋರಿಸಿ.

ನಮ್ಮ ಅಜ್ಜನ ಮನೆ ಮಣ್ಣಿನ ಮಾಳಿಗೆ. ಮಳೆಗೆ ಮೊದಲು ಚೌಳು ಮಣ್ಣು ತಂದು ಮೇಲೆ ಹರವಿ ಬಡಿದು ಕೂರಿಸುತ್ತಿದ್ದರು. ಉಡುಪಿ ಅಕ್ಕ ಹೇಳಿದ್ದು ಓದಿ ಅದೇ ನೆನಪಾಯಿತು.

ಮೈಸೂರು_ಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ಐದು ದಿನ ಆಯಿತು, ಏನೇನು ಕಂಡಿತು ಹೇಳುತ್ತೇನೆ.

ಅಮ್ಮ ಈಗ ಹಾಲಿನಲ್ಲಿ ಮಲಗುತ್ತಿದ್ದಾರೆ. ಕೋಲಿನಿಂದ ತಟ್ಟಿದೆ. ಬಿದ್ದದ್ದು ತಟ್ಟೆಯಷ್ಟೇ, ಆದರೆ ಡಬ್ಬದ ಸದ್ದು ಬಂದದ್ದು ಸುಮಾರು ನಾಲ್ಕು ಅಡಿ ಉದ್ದ ಮೂರು ಅಡಿ ಅಗಲ. ನಾವು ಅದರ ಕೆಳಗೇ ಇಷ್ಟು ದಿನ ಓಡಾಡಿದ್ದೇವೆ.

ಟ್ಯಾಂಕಿನ ಗುರುತು ಮೊದಲ ರಾತ್ರಿ ಅರ್ಧ ಇಂಚಿನಷ್ಟು ಇಳಿದಿತ್ತು. ಎರಡನೆಯ ರಾತ್ರಿ ಸೋಲಾರಿನ ಬಿಸಿನೀರಿನ ವಾಲ್ವ್ ಮುಚ್ಚಿ ನೋಡಿದೆ, ಕೂದಲೆಳೆಯಷ್ಟೂ ಇಳಿಯಲಿಲ್ಲ. ನಾಲ್ಕನೆಯ ದಿನಕ್ಕೆ ಸೀಲಿಂಗಿನ ಹಸಿ ನನ್ನ ಪೆನ್ಸಿಲ್ ಗೆರೆಯಿಂದ ನಾಲ್ಕು ಬೆರಳು ಒಳಗೆ ಸರಿದಿದೆ. ಪ್ಲಂಬರ್ ಕರೆಸಿ ಪೈಪ್ ಹೋಗುವ ದಾರಿಯಲ್ಲಿ ಮಾತ್ರ ಸುರ್ಕಿ ಒಡೆಸಿದೆ. ಸರ್ ಹೇಳಿದ ಹಾಗೆಯೇ, ಮೊಣಕೈ ಜಾಯಿಂಟಿನಲ್ಲಿ ಸಣ್ಣಗೆ ಒಸರುತ್ತಿತ್ತು. ಕೈ ಇಟ್ಟರೆ ಸುತ್ತಲಿನ ಸುರ್ಕಿ ಬೆಚ್ಚಗಿತ್ತು. ಈಗ ಹಳೆಯ ಪೈಪನ್ನು ಅಲ್ಲೇ ಬಿಟ್ಟು ಹೊಸ ಲೈನನ್ನು ಪ್ಯಾರಪೆಟ್ ಗೋಡೆಯ ಮೇಲೆ ಕ್ಲಾಂಪ್ ಹಾಕಿ ಕಣ್ಣಿಗೆ ಕಾಣುವ ಹಾಗೆ ಎಳೆಸಿದ್ದೇನೆ. 6,500 ರೂಪಾಯಿ ಆಯಿತು.

ಹೋಸ್ ಪರೀಕ್ಷೆಯನ್ನೂ ಮಾಡಿದೆ. ನೆಲ, ಗೋಡೆ, ಗೋಡೆಯ ತಲೆ ಯಾವುದರಿಂದಲೂ ನೀರು ಬರಲಿಲ್ಲ. ಸ್ಟ್ಯಾಂಡಿನ ಒಂದು ಕಾಲಿನ ಬುಡಕ್ಕೆ ಬಿಟ್ಟಾಗ ಮಾತ್ರ ಒಳಗೆ ಹನಿ ಕಾಣಿಸಿತು. ಹಾಗಾಗಿ ಅಕ್ಕ ಹೇಳಿದ್ದೂ ನಿಜ, ಮಳೆಗಾಲದಲ್ಲಿ ಕಲೆ ಜಾಸ್ತಿ ಆಗುತ್ತಿದ್ದದ್ದು ಇದರಿಂದ. ಇಡೀ ತಾರಸಿ ಒಡೆಸಿದ್ದರೂ ಸ್ಟ್ಯಾಂಡನ್ನು ಮತ್ತೆ ಅದೇ ಬೋಲ್ಟಿನಲ್ಲಿ ನಿಲ್ಲಿಸುತ್ತಿದ್ದರೋ ಏನೋ.

ಫ್ಯಾನಿನ ಕಪ್ಪಿನಲ್ಲಿ ನೀರಿನ ಗುರುತು ಇತ್ತು. ಎಂಸಿಬಿ ಇಳಿಸಿದ್ದೇನೆ, ಆರ್‌ಸಿಸಿಬಿ ಇರಲಿಲ್ಲ, ನಾಳೆ ಹಾಕುತ್ತಾರೆ. ಕಿಟಕಿ ಬಿರುಕಿಗೆ ಕಾರ್ಡ್ ಹೋಗಲಿಲ್ಲ, ತಾರೀಖು ಬರೆದಿಟ್ಟಿದ್ದೇನೆ.

ಈಗ ಉಳಿದಿರುವುದು ಕಂಬಿ. ಬಿಟ್ಟುಕೊಂಡದ್ದನ್ನೆಲ್ಲ ಬೀಳಿಸಿದ ಮೇಲೆ ಏಳು ಕಂಬಿ ಕಂಡವು. ತುಕ್ಕು ಉಜ್ಜಿ ಅಳೆದೆ. ಐದು ಕಂಬಿ ಹೆಚ್ಚುಕಡಿಮೆ 8 ಮಿ.ಮೀ. ಇವೆ, ಎರಡು 7.2 ಇವೆ. ಮೇಸ್ತ್ರಿ ಸಿಮೆಂಟ್ ಮೆತ್ತಿ ಮುಗಿಸೋಣ ಅನ್ನುತ್ತಿದ್ದಾರೆ. ಮೂರು ದಿನದಲ್ಲಿ ನಾನು ಹೊರಡಬೇಕು.

ಸೈಟ್ ಇಂಜಿನಿಯರ್ (ನಿವೃತ್ತ), ದಾವಣಗೆರೆ:

ಕಂಬಿ ಅಳೆದದ್ದು ತುಂಬಾ ಒಳ್ಳೆಯದಾಯಿತು. ತಪಾಸಣೆಯವರು ಎರಡು ಇಂಚು ಬೇಡ ಅಂದದ್ದು ಸರಿ, ನಾನು ಹಾಗೆ ಬರೆಯಬಾರದಿತ್ತು.

8 ಇದ್ದದ್ದು 7.2 ಆಗಿದೆ ಅಂದರೆ ನೋಡಲು ಕೂದಲಷ್ಟು ವ್ಯತ್ಯಾಸ. ಆದರೆ ಕಂಬಿಯ ಶಕ್ತಿ ಇರುವುದು ಅದರ ಅಡ್ಡ ಕೊಯ್ತದಲ್ಲಿ. 7.2 ಅಂದರೆ 8ರ 0.9 ಪಟ್ಟು, 0.9ರ ವರ್ಗ 0.81, ಅಂದರೆ ಆ ಎರಡು ಕಂಬಿಗಳಲ್ಲಿ ಐದನೇ ಒಂದು ಭಾಗ ಹೋಗಿದೆ. ಇದಕ್ಕೆ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರನ್ನು ಕರೆಸಿ ಒಂದು ಗಂಟೆ ತೋರಿಸಿ. ಪಕ್ಕದಲ್ಲಿ ಹೊಸ ಕಂಬಿ ಸೇರಿಸಬೇಕೇ, ಎಷ್ಟು ಉದ್ದ ಸೇರಿಸಬೇಕು ಅಂತ ಅವರೇ ಬರೆದುಕೊಡಲಿ. ಕಣ್ಣಾರೆ ನೋಡದೆ ಇದನ್ನು ಹೇಳುವುದು ನನಗೂ ತರವಲ್ಲ. ಕೆಲಸ ಮುಗಿಯುವ ತನಕ ಕೆಳಗೆ ಎರಡು ಕಬ್ಬಿಣದ ಜಾಕಿ (ಆಸರೆ ಕಂಬ) ಕೊಟ್ಟಿರಿ.

ಮೇಸ್ತ್ರಿ ಹೇಳಿದ ಹಾಗೆ ಬರೀ ಸಿಮೆಂಟ್ ಮೆತ್ತಿದರೆ ಅದು ಹಳೆಯ ಕಾಂಕ್ರೀಟಿಗೆ ಹಿಡಿಯುವುದಿಲ್ಲ, ಒಂದೆರಡು ವರ್ಷದಲ್ಲಿ ಮತ್ತೆ ಬೀಳುತ್ತದೆ. ಕಂಬಿಯ ಹಿಂದೆ ಬೆರಳು ತೂರುವಷ್ಟು ಕಾಂಕ್ರೀಟ್ ಬಿಡಿಸಬೇಕು, ಯಾಕೆಂದರೆ ಕಂಬಿಯ ಬೆನ್ನಿಗೆ ಉಳಿದ ತುಕ್ಕು ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ತಂತಿ ಬ್ರಷ್ಷಿನಲ್ಲಿ ಸುತ್ತಲೂ ಉಜ್ಜಿ ಲೋಹ ಹೊಳೆಯಬೇಕು. ಆಮೇಲೆ ತುಕ್ಕು ತಡೆಯುವ ಸತುವಿನ ಪ್ರೈಮರ್. ಆಮೇಲೆ ಹಳೆಯದಕ್ಕೂ ಹೊಸದಕ್ಕೂ ಅಂಟು ಕೊಡುವ ಬಾಂಡಿಂಗ್ ಕೋಟ್, ಅದು ಹಸಿ ಇರುವಾಗಲೇ ಪಾಲಿಮರ್ ಸೇರಿಸಿದ ಗಾರೆ. ಒಂದೇ ಸಲ ದಪ್ಪ ಹಾಕಿದರೆ ಸೀಲಿಂಗಿನಲ್ಲಿ ಜೋತುಬೀಳುತ್ತದೆ, ಡಬ್ಬದ ಮೇಲೆ ಬರೆದಷ್ಟೇ ದಪ್ಪದಲ್ಲಿ ಪದರ ಪದರವಾಗಿ ಹಾಕಲಿ.

ಸೀಲಿಂಗಿಗೆ ಕ್ಯೂರಿಂಗ್ (ಹೊಸ ಗಾರೆಯನ್ನು ನೀರು ಹಾಕಿ ಹಸಿಯಾಗಿಡುವುದು) ಮಾಡುವುದು ಯಾರಿಗೂ ಬೇಡದ ಕೆಲಸ. ನೀರು ನಿಲ್ಲುವುದಿಲ್ಲ ಅಂತ ಬಿಟ್ಟುಬಿಡುತ್ತಾರೆ. ಗಿಡಕ್ಕೆ ಹೊಡೆಯುವ ಸ್ಪ್ರೇ ಪಂಪಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ನೆಲದ ಮೇಲೆ ನಿಂತೇ ನೀರು ಹೊಡೆಯಬಹುದು, ಏಳು ದಿನ. ತಾಯಿಯವರು ಏಣಿ ಹತ್ತುವುದು ಬೇಡ. ಬಣ್ಣಕ್ಕೆ ಅವಸರ ಮಾಡಬೇಡಿ, ಮೋಲ್ಡಿನ ಒಳಗಿನ ತೇವ ಪೂರ್ತಿ ಆರಲು ವಾರಗಳು ಬೇಕು. ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿ, ಒಳಮೈ ಒಣಗಿದ್ದರೆ ಮಾತ್ರ ಪುಟ್ಟಿ.

ಮೂರು ದಿನದಲ್ಲಿ ಇದೆಲ್ಲ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ನೀವು ಇರುವಾಗ ಇಂಜಿನಿಯರಿಗೆ ತೋರಿಸಿ, ಜಾಕಿ ಕೊಡಿಸಿ, ಕೋಣೆಗೆ ಬೀಗ ಹಾಕಿ. ದುಡ್ಡನ್ನು ನಾಲ್ಕು ಕಂತು ಮಾಡಿ. ಕಂಬಿ ಉಜ್ಜಿದ ಫೋಟೋ ಬಂದ ಮೇಲೆ ಒಂದು, ಪ್ರೈಮರ್ ಆದ ಫೋಟೋ ಬಂದ ಮೇಲೆ ಒಂದು, ಗಾರೆ ಆದ ಮೇಲೆ ಒಂದು, ಉಳಿದದ್ದು ನೀವು ಬಂದು ಕೋಲಿನಿಂದ ತಟ್ಟಿ ನೋಡಿದ ಮೇಲೆ.

ಕಡಲತೀರದ_ಮನೆ:

ಆ ಸ್ಟ್ಯಾಂಡಿನ ಕಾಲಿಗೆ ಏನು ಮಾಡಿದಿರಿ ತಮ್ಮಾ? ಅದನ್ನು ಬರೆಯಲೇ ಇಲ್ಲ.

ಮೈಸೂರು_ಮನೆ:

ಬೋಲ್ಟ್ ನಾಲ್ಕೂ ಕಡೆ ತೆಗೆಸಿದೆ ಅಕ್ಕ. ತೂತುಗಳಿಗೆ ಕುಗ್ಗದ ಗ್ರೌಟ್ ತುಂಬಿಸಿ, ಅದರ ಮೇಲೆ ಕಾಂಕ್ರೀಟಿನ ಭಾರದ ಚೌಕಗಳನ್ನು ಇಟ್ಟು ಸ್ಟ್ಯಾಂಡನ್ನು ಅವುಗಳಿಗೆ ಕಟ್ಟಿಸುತ್ತಿದ್ದೇವೆ, ತಾರಸಿಗೆ ಇನ್ನು ತೂತು ಇಲ್ಲ. ಅಷ್ಟು ಭಾರ ಆ ಜಾಗದ ಮೇಲೆ ಇಡಬಹುದಾ ಅಂತ ನಾಡಿದ್ದು ಬರುವ ಇಂಜಿನಿಯರನ್ನು ಕೇಳುತ್ತೇನೆ, ಬೇಡ ಅಂದರೆ ಸ್ಟ್ಯಾಂಡನ್ನು ಮೆಟ್ಟಿಲು ಕೋಣೆಯ ಗೋಡೆ ಪಕ್ಕಕ್ಕೆ ಸರಿಸುತ್ತೇವೆ. ಹೂಕುಂಡ ಎಲ್ಲ ಇಟ್ಟಿಗೆ ಮೇಲೆ ಬಂದಿವೆ. ಅಮ್ಮ ನಿಂತು ತಾವೇ ಜಾಗ ತೋರಿಸಿ ಇಡಿಸಿದರು.